ಎರಡೇ ಕಾಲಂ

ಬೆಳಗ್ಗೆ ಹನ್ನೊಂದೂ ಹತ್ತಕ್ಕೆ, ನಗರದ ನೀರು ಸರಬರಾಜು ಕಚೇರಿಯಲ್ಲಿ, ಕಿವಿಯಕ್ಕ ವರದಿಗೆ ಸಹಿ ಹಾಕಲು ಒಪ್ಪಲಿಲ್ಲ.

ಅವರು ಸೋರಿಕೆ ಪತ್ತೆ ದಳದ ಮುಖ್ಯಸ್ಥೆ. ಕಬ್ಬಿಣದ ಸರಳನ್ನು ರಸ್ತೆಗೆ ಊರಿ, ಮೇಲಿನ ತುದಿಗೆ ಕಿವಿಯಿಟ್ಟು, ಪೈಪು ಎಲ್ಲಿ ಒಡೆದಿದೆ ಎಂದು ಹೇಳುತ್ತಿದ್ದರು. ಹೆಸರು ಬಂದದ್ದು ಹಾಗೆ. ಇಪ್ಪತ್ತೇಳು ವರ್ಷಗಳಲ್ಲಿ ಅವರು ತೋರಿಸಿದ ಕಡೆ ಅಗೆದು ಏನೂ ಸಿಗದೆ ಹೋದದ್ದು ನಾಲ್ಕೇ ಸಲ. ಆ ನಾಲ್ಕನ್ನೂ ಅವರೇ ದಿನಚರಿಯಲ್ಲಿ ಬರೆದಿಟ್ಟಿದ್ದರು.

ವರದಿ ಬರೆದವರು ಸಾಲ ಕೊಡುವ ವಿದೇಶಿ ಸಂಸ್ಥೆಯ ತಜ್ಞರು. ನಿತ್ಯ ಹರಿಯುವ ಒಂದು ಕೋಟಿ ಲೀಟರಿನಲ್ಲಿ ನಲವತ್ತೊಂದು ಲಕ್ಷ ಸೋರಿಕೆ ಎಂದು ಅದರಲ್ಲಿತ್ತು. ನೂರಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚು ಸೋರಿದರೆ, ಸರಬರಾಜನ್ನು ಹೊರದೇಶದ ಕಂಪನಿಗೆ ವಹಿಸಬೇಕೆಂಬುದು ಸಾಲದ ಷರತ್ತು. ಅಂಕಿ ಸರಿಯಿದೆ ಎಂದು ದಳದ ಮುಖ್ಯಸ್ಥೆ ಸಹಿ ಮಾಡಬೇಕಿತ್ತು.

ಕಿವಿಯಕ್ಕ ಎರಡು ಸಲ ಓದಿ, ಇದರಲ್ಲಿ ಆಸ್ಪತ್ರೆ ಎಲ್ಲಿದೆ ಎಂದು ಕೇಳಿದರು. ಆಸ್ಪತ್ರೆ, ಶಾಲೆಗಳು, ಅಗ್ನಿಶಾಮಕ ಠಾಣೆ ಮತ್ತು ಬೀದಿಯ ನೂರ ಮೂವತ್ತು ನಲ್ಲಿಗಳಿಗೆ ಬಿಲ್ಲಿಲ್ಲ. ತಜ್ಞರ ನಮೂನೆಯಲ್ಲಿ ಎರಡೇ ಕಾಲಂ: ಬಿಲ್ ಆದದ್ದು, ಸೋರಿದ್ದು. ಬಿಲ್ಲಿಲ್ಲದ್ದೆಲ್ಲ ಎರಡನೆಯದಕ್ಕೆ ಬಿದ್ದಿತ್ತು.

ಅವರಿಗಿಂತ ಹತ್ತು ವರ್ಷ ಚಿಕ್ಕವರಾದ ಎಂಜಿನಿಯರ್ ಮೊದಲು ನಗಿಸಲು ನೋಡಿದರು. "ಅಕ್ಕಾ, ನೆಲಕ್ಕೆ ಕೊಡೋ ಕಿವೀನ ಒಂದ್ಸಲ ಮೇಲಿನವರಿಗೂ ಕೊಡಿ." ಆಮೇಲೆ ದನಿ ತಗ್ಗಿಸಿದರು. ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ, ಬೆನ್ನುನೋವಿನಿಂದ ಗಾರೆ ಕೆಲಸ ಬಿಟ್ಟ ಯಜಮಾನರು ಮನೆಯಲ್ಲಿದ್ದಾರೆ, ದೂರದ ಪಂಪ್‌ಹೌಸಿಗೆ ಎತ್ತಿಹಾಕಿದರೆ ಏನು ಮಾಡುತ್ತೀರಿ ಎಂದರು. ಅದು ಬೆದರಿಕೆಯಲ್ಲ. ವರ್ಗಾವಣೆಯ ಕರಡನ್ನು ಅವರು ಕಣ್ಣಾರೆ ನೋಡಿದ್ದರು.

"ನೆಲಕ್ಕೆ ಹೋದ ನೀರಿಗೆ ಸೋರಿಕೆ ಅಂತೀವಿ ಸರ್," ಎಂದರು ಕಿವಿಯಕ್ಕ. "ಬಾಯಿಗೆ ಹೋದ ನೀರಿಗೂ ಹಾಗೇ ಬರೀರಿ ಅಂದ್ರೆ ನನ್ನ ಕೈ ಓಡಲ್ಲ."

ನಮೂನೆ ಎಲ್ಲ ದೇಶಗಳಿಗೂ ಒಂದೇ, ಬದಲಿಸುವ ಅಧಿಕಾರ ತಮಗಿಲ್ಲ ಎಂದು ತಜ್ಞರು ದುಭಾಷಿಯ ಮೂಲಕ ಹೇಳಿದರು. ಹಾಗಾದರೆ ಹಾಳೆಯ ಹಿಂಬದಿಯಲ್ಲಿ ಬರೆಯಬಹುದೇ ಎಂದು ಕಿವಿಯಕ್ಕ ಕೇಳಿದರು. ತಜ್ಞರು ನಿಯಮಾವಳಿ ತಿರುವಿ ನೋಡಿದರು. ಹಿಂಬದಿಯ ಬಗ್ಗೆ ಅಲ್ಲಿ ಏನೂ ಇರಲಿಲ್ಲ.

ಕಿವಿಯಕ್ಕ ನಿಂತುಕೊಂಡೇ ಬರೆದರು. ಹಿಂದಿನ ವರ್ಷ ಬಕೆಟ್ಟು, ಗಡಿಯಾರ ಹಿಡಿದು ದಳದವರು ಅಳೆದ ಅಂಕಿಗಳು: ಬೀದಿ ನಲ್ಲಿಗಳಿಗೆ ಹತ್ತೊಂಬತ್ತೂವರೆ ಲಕ್ಷ, ಆಸ್ಪತ್ರೆಗೆ ನಾಲ್ಕು, ಶಾಲೆಗಳಿಗೆ ಎರಡು, ಅಗ್ನಿಶಾಮಕಕ್ಕೆ ಅರ್ಧ. ಉಳಿದ ಹದಿನೈದು ಲಕ್ಷ ನಿಜವಾದ ಸೋರಿಕೆ, ಅದನ್ನು ನಿಲ್ಲಿಸಲಾಗದ್ದು ನಮ್ಮ ದಳದ ತಪ್ಪು ಎಂದೂ ಸೇರಿಸಿದರು. ಸಹಿ ಹಾಕಿದ್ದು ಅದರ ಕೆಳಗೆ.

ನಗರಸಭೆಯ ಸದಸ್ಯರಿಗೆ ಹಂಚಲು ಎಂಜಿನಿಯರ್ ಹಾಳೆಯ ಎರಡೂ ಬದಿಗಳ ಪ್ರತಿ ತೆಗೆಸಿದರು. ಹಾಗೆ ತೆಗೆಸಿ ಎಂದು ಯಾರೂ ಹೇಳಿರಲಿಲ್ಲ.

ಕಂಪನಿಗೆ ವಹಿಸುವ ಪ್ರಸ್ತಾವ ನಗರಸಭೆಯಲ್ಲಿ ಒಂಬತ್ತು ಮತಗಳ ಅಂತರದಲ್ಲಿ ಬಿದ್ದುಹೋಯಿತು. ಅಷ್ಟರಲ್ಲಿ ಹೊರಟಿದ್ದ ವರ್ಗಾವಣೆಯ ಆದೇಶ ರದ್ದಾಗಲಿಲ್ಲ. ಸೋಮವಾರ ಕಿವಿಯಕ್ಕ ಆರೂ ಕಾಲರ ಬಸ್ಸಿನಲ್ಲಿ ಪಂಪ್‌ಹೌಸಿಗೆ ಹೋಗಿ ಹಾಜರಿ ಹಾಕಿದರು.