ಕೊಳ್ಳುವವರ ಜಾಗ ಖಾಲಿ

ನನ್ನ ಹೆಂಡತಿ ತೀರಿಕೊಂಡು ಮೂರು ತಿಂಗಳಾಗಿತ್ತು. ನೂಲಿನ ಗಿರಣಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದ ಅವಳು, ಗಿರಣಿ ತನ್ನ ಕೆಲಸದವರಿಗೆ ಕೊಟ್ಟಿದ್ದ ಷೇರುಗಳನ್ನು ಎಂದೂ ಮಾರಿರಲಿಲ್ಲ. ಅವು ನನ್ನ ಹೆಸರಿಗೆ ಬಂದು ವಾರವಾಗಿತ್ತು ಅಷ್ಟೆ, ಷೇರು ದಲ್ಲಾಳಿಯೊಬ್ಬರ ಬಳಿ ಗುಮಾಸ್ತನಾಗಿದ್ದ ಬಾಮೈದ ಬಂದ. ಅಕ್ಕ ಹಾಸಿಗೆ ಹಿಡಿದಿದ್ದಾಗ ಒಟ್ಟು ಎರಡು ಸಲ ಬಂದಿದ್ದವನು, ಈ ವಾರದಲ್ಲೇ ಮೂರನೆಯ ಸಲ.

ನಾನು ಪ್ರಾರ್ಥನೆ ಮುಗಿಸಿ ಏಳುವವರೆಗೂ ಕಾಲು ಕುಣಿಸುತ್ತ ಕೂತಿದ್ದ.

“ಭಾವ, ಗಿರಣಿ ಷೇರು ಇಳೀತಿದೆ. ಇವತ್ತೇ ಮಾರಿಬಿಡಿ.”

“ನಂಗೆ ಇದರ ಗಂಧಗಾಳಿ ಇಲ್ಲ. ಬಿಡಿಸಿ ಹೇಳು.”

“ಗಿರಣೀನ ಲಕ್ಷ ಪಾಲು ಮಾಡಿದ್ದಾರೆ ಅಂದ್ಕೊಳ್ಳಿ. ಮುನ್ನೂರು ನಿಮ್ಮದು. ಲಾಭ ಬಂದ್ರೆ ನಿಮಗೂ ಸ್ವಲ್ಪ ಬರತ್ತೆ. ಬೇಡ ಅಂದ್ರೆ ಪೇಟೇಲಿ ಮಾರಬಹುದು. ಕೊಳ್ಳೋರು ಹೆಚ್ಚಿದ್ರೆ ಬೆಲೆ ಏರತ್ತೆ, ಮಾರೋರು ಹೆಚ್ಚಾದ್ರೆ ಇಳಿಯತ್ತೆ.”

“ಗಿರಣಿಯೋರೇ ವಾಪಸ್ ತಗೊಳ್ತಾರಾ?”

“ಇಲ್ಲ, ಇನ್ಯಾರೋ ಕೊಳ್ತಾರೆ.”

“ಇಳಿಯೋದನ್ನ ಕೊಳ್ಳೋ ಪುಣ್ಯಾತ್ಮ ಯಾರಪ್ಪ?”

“ಏರತ್ತೆ ಅಂತ ನಂಬಿರೋನು. ಪೇಟೆ ನಡೆಯೋದೇ ಹಾಗೆ,” ಎಂದು ನಕ್ಕು ವರ್ಗಾವಣೆ ಪತ್ರ ಮುಂದಿಟ್ಟ. ಮಾರುವವರ ಜಾಗದಲ್ಲಿ ನನ್ನ ಹೆಸರನ್ನು ಅಂದವಾಗಿ ಬರೆದು ತಂದಿದ್ದ. ಕೊಳ್ಳುವವರ ಜಾಗ ಖಾಲಿ. ಬೆಲೆಯ ಜಾಗವೂ ಖಾಲಿ.

“ಇದು?”

“ಆಮೇಲೆ ತುಂಬ್ತೀವಿ. ಎಲ್ಲರೂ ಹಾಗೇ ರುಜು ಹಾಕೋದು.”

ಪತ್ರಗಳ ನೋಂದಣಿ ಕಚೇರಿಯಲ್ಲಿ ತಲೆ ನರೆಸಿಕೊಂಡವನು ನಾನು. ಖಾಲಿ ಜಾಗಕ್ಕೆ ಅಡ್ಡಗೆರೆ ಹೊಡೆಯದೆ ಅಲ್ಲಿ ಯಾರೂ ರುಜು ಹಾಕುತ್ತಿರಲಿಲ್ಲ. ಕೈ ತಾನಾಗಿ ಎರಡೂ ಕಡೆ ಗೆರೆ ಎಳೆಯಿತು.

“ಪತ್ರ ಹಾಳಾಯ್ತಲ್ಲ ಭಾವ.”

“ಇನ್ನೊಂದು ತಾ. ಕೊಳ್ಳೋರ ಹೆಸರು ಬರ್ಕೊಂಡು ಬಾ.”

ಅವನು ಏಳಲಿಲ್ಲ. “ನನ್ನ ಹೆಸರೇ,” ಎಂದ, ನೆಲ ನೋಡುತ್ತ. “ಬೇರೆ ಗಿರಣಿಯೋರು ಈ ಗಿರಣೀನೇ ಕೊಳ್ತಾರೆ ಅಂತ ಆಫೀಸಲ್ಲಿ ಮಾತು ಕಿವಿಗೆ ಬಿತ್ತು. ಮುಂದಿನ ತಿಂಗಳು ಬೆಲೆ ಏರತ್ತೆ.”

“ಇಳೀತಿದೆ ಅಂದ್ಯಲ್ಲೋ.”

“ಇವತ್ತು ಇಳೀತಾನೇ ಇದೆ.”

ಅವನದು ಅಕ್ಕನದೇ ಮೂಗು, ಅಕ್ಕನದೇ ಹುಬ್ಬು. ಹೊರಗೆ ನಡಿ ಎನ್ನಲು ಬಾಯಿ ಬರಲಿಲ್ಲ. ಕಾಫಿ ಕೊಟ್ಟು ಕಳಿಸಿದೆ. ದೇವರು ಕ್ಷಮಿಸಲಿ, ಬೆಲೆ ಏರುತ್ತದೆಂಬ ಮಾತನ್ನೂ ನಾನು ನಂಬಲಿಲ್ಲ. ಷೇರು ಪತ್ರಗಳನ್ನು ಬೀರುವಿನಲ್ಲಿಟ್ಟು, ಅಂಗಡಿಯಿಂದ ಬೀಗ ತಂದು ಹಾಕಿ, ಎರಡು ಸಲ ಜಗ್ಗಿ ನೋಡಿದೆ. ಅವಳಿದ್ದಾಗ ಆ ಬೀರುವಿಗೆ ಬೀಗವೇ ಇರಲಿಲ್ಲ.