ತಿಮ್ಮಕ್ಕನ ಒಲೆ ಆರಿಸಿದ್ದು

"ಏಳೇ ಮುದ್ಕಿ! ಹೊಗೆ ಎಬ್ಸಿ ಕೂತೀಯಲ್ಲ, ನಿನ್ನ ಹೆಣ ಸುಡೂಕೆ ಇಟ್ಟಿದ್ಯನೇ ಈ ಒಲೆ?"

ಸೂಪರ್‌ವೈಸರ್ ನಿತ್ಯಾನಂದ ಒದ್ದ ಹೊಡೆತಕ್ಕೆ ಒಲೆಯ ಮೂರು ಕಲ್ಲುಗಳಲ್ಲಿ ಒಂದು ಉರುಳಿ ಗಟಾರಕ್ಕೆ ಬಿತ್ತು. ಮೇಲಿದ್ದ ಪಾತ್ರೆ ವಾಲಿ ಬಿಸಿನೀರೆಲ್ಲ ಬೆಂಕಿಯ ಮೇಲೆಯೇ ಚೆಲ್ಲಿತು. ತಿಮ್ಮಕ್ಕ ಕೈ ಚಾಚಿದವಳು ಹಾಗೆಯೇ ಕೂತಿದ್ದಳು. ಅವಳಿನ್ನೂ ಬೆರಳು ಅದ್ದಿರಲಿಲ್ಲ.

"ಎಂತ ಆತು ನಿತ್ಯಾ? ನಿನ್ನ ಅಪ್ಪನ ಮನೆ ಸೌದೆ ಸುಟ್ವ ನಾವು?" ಎಂದಳು.

"ಕಾರ್ಬನ್ನು! ಇನ್ಮೇಲೆ ಈ ಕಂಪನೀಲಿ ಕಾರ್ಬನ್ ಬಿಡೂಕಿಲ್ಲ. ಸಾವ್ಕಾರ್ರ ಆರ್ಡರ್ರು."

ಕುಮಟಾದ ಹೆದ್ದಾರಿ ಪಕ್ಕದ ಈ ಕಂಪನಿಯಲ್ಲಿ ನಾವು ಬಾಡ ಊರಿನ ಹೆಂಗಸರು ಸಿಗಡಿ ಸುಲಿಯುತ್ತೇವೆ. ಐಸಿನಲ್ಲಿ ಹೂತ ಸಿಗಡಿಯನ್ನು ಎತ್ತಿ, ತಲೆ ಕಿತ್ತು, ಸಿಪ್ಪೆ ಬಿಡಿಸಿ, ಬೆನ್ನಿನ ಕಪ್ಪು ನರ ಎಳೆದು ಮತ್ತೆ ಐಸಿಗೇ ಹಾಕುವ ಕೆಲಸ. ಸ್ವಲ್ಪ ಹೊತ್ತಿಗೆಲ್ಲ ಬೆರಳು ಇನ್ಯಾರದೋ ಬೆರಳಾಗುತ್ತದೆ. ಕೈಗವಸು ಕೊಡುತ್ತಾರೆ, ನಿಜ. ಹಾಕಿಕೊಂಡರೆ ನರ ಸಿಗುವುದಿಲ್ಲ, ನರ ಉಳಿದರೆ ಬೈಗುಳ ತಪ್ಪುವುದಿಲ್ಲ. ಅದಕ್ಕೇ ಹಿತ್ತಿಲ ಬಾಗಿಲಾಚೆ ಈ ಒಲೆ. ಕೆಲಸಕ್ಕೆ ಬರುವಾಗ ಒಬ್ಬೊಬ್ಬಳೂ ತೆಂಗಿನ ಮಡಲಿನ ಒಣ ತುಂಡನ್ನೋ ಚಿಪ್ಪನ್ನೋ ತರುವುದು ನಮ್ಮ ರೂಢಿ. ಬೆರಳು ಸತ್ತವಳು "ಕೈ ಜೀವ ಮಾಡ್ಕಂಡು ಬತ್ತೆ" ಎಂದು ಎದ್ದು ಹೋಗಿ ಬಿಸಿನೀರಲ್ಲಿ ಅದ್ದಿಕೊಂಡು ಬರುತ್ತಾಳೆ. ಆ ಒಲೆಯಲ್ಲಿ ಕಂಪನಿಯದು ಅಂತ ಒಂದು ಬೆಂಕಿಕಡ್ಡಿಯೂ ಇರಲಿಲ್ಲ.

ವಿದೇಶದಲ್ಲಿ ನಮ್ಮ ಸಿಗಡಿ ತಿನ್ನುವವರಿಗೆ ಈಚೆಗೆ ಭೂಮಿಯ ಚಿಂತೆ ಹತ್ತಿದೆಯಂತೆ. ಹೊಗೆ ಕಡಿಮೆ ಬಿಡುವ ಕಂಪನಿಯ ಮಾಲು ಮಾತ್ರ ಅವರಿಗೆ ರುಚಿಸುತ್ತದಂತೆ. ಆ ಹೊಗೆಯ ಲೆಕ್ಕ ನೋಡಲು ಹಿಂದಿನ ದಿನ ಬೆಂಗಳೂರಿಂದ ಅಂಕಿತಾ ಮೇಡಂ ಬಂದಿದ್ದರು. ಒಳ್ಳೆಯ ಹುಡುಗಿ, ನಮಗೂ ಕೈ ಮುಗಿದಳು. ಅವರು ಸಾವಕಾರರ ಜೊತೆ ಕಂಪನಿ ಸುತ್ತುವಾಗ ನಾನು ಸಿಪ್ಪೆಯ ಬುಟ್ಟಿ ಹೊತ್ತು ಹಿಂದೆಯೇ ಇದ್ದೆ.

"ಜನರೇಟರ್ ಕಡಿಮೆ ಮಾಡಬಹುದಾ ಸರ್?"

"ಅಯ್ಯೋ ಮೇಡಂ, ಕರೆಂಟು ಹೋದ್ರೆ ಮಾಲು ಕೊಳೀತದೆ."

"ಲಾರಿಗಳು?"

"ಲಾರಿ ಇಲ್ದೆ ಸಿಗಡಿ ನಡ್ಕೊಂಡು ಹೋಗ್ತದ್ಯಾ?"

"ಆಫೀಸಿನ ಎಸಿ?"

ಸಾವಕಾರರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ನಮ್ಮಲ್ಲಿ ಸೆಕೆ ನೋಡಿ."

ಹೊರಗೆ ಅವರ ಕಾರು ಎಂಜಿನ್ ಚಾಲೂ ಇಟ್ಟುಕೊಂಡು ಒಳಗೆಲ್ಲ ತಂಪು ಮಾಡಿಕೊಳ್ಳುತ್ತಿತ್ತು. ಅದರ ಬಗ್ಗೆ ಮೇಡಂ ಕೇಳಲಿಲ್ಲ, ಊಟಕ್ಕೆ ಮುರ್ಡೇಶ್ವರಕ್ಕೆ ಹೋಗಬೇಕಿದ್ದದ್ದು ಅದರಲ್ಲೇ. ಹೀಗೆ ನಿಲ್ಲಿಸುವಂಥದ್ದು ಒಂದೂ ಸಿಗದೆ ಇಬ್ಬರೂ ಜೋಲುಮೋರೆ ಹಾಕಿಕೊಂಡು ಹಿತ್ತಿಲಿಗೆ ಬಂದಾಗ ತಿಮ್ಮಕ್ಕನ ಒಲೆ ಕಣ್ಣಿಗೆ ಬಿತ್ತು. ಸಾವಕಾರರ ಮುಖ ಅರಳಿತು.

ಒಲೆಯ ಬದಲಿಗೆ ಮಾಳಿಗೆಯ ಮೇಲೆ ಬಿಸಿಲಲ್ಲಿ ನೀರು ಕಾಯಿಸುವ ಸೋಲಾರ್ ಬಂತು. ಅದರ ಮುಂದೆ ನಮ್ಮನ್ನು ಸಾಲಾಗಿ ನಿಲ್ಲಿಸಿ, ನಗಿ ನಗಿ ಎಂದು ನಗಿಸಿ ಫೋಟೋ ತೆಗೆದರು. ಪೈಪು ಮಾತ್ರ ಇಳಿದದ್ದು ಆಫೀಸಿನ ಬಚ್ಚಲಿಗೆ.

"ನಮ್ಗೂ ಒಂದು ನಳ ಬಿಡ್ಸು ಮಾರಾಯ" ಎಂದು ಕಮಲಿ ಕೇಳಿದಳು.

"ಪೈಪು ಉದ್ದ ಆದ್ರೆ ನೀರು ತಣೀತದೆ. ಕೆಲ್ಸ ನೋಡ್ರೇ, ನಾತದ ಮುಂಡೇರಾ!" ಎಂದ ನಿತ್ಯಾನಂದ.

ನಮ್ಮದು ಇನ್ನೂ ಪ್ರಾಯದ ಕೈ, ಹೇಗೋ ನಡೆಯಿತು. ತಿಮ್ಮಕ್ಕನ ಹೆಬ್ಬೆರಳು ಬಿರಿಯಿತು. ಉಳಿದ ಬೆರಳು ಮಡಚಿದರೆ ಬಿಡಿಸಲು ಬಾರದು, ಬಿಡಿಸಿದರೆ ಮಡಚಲು ಬಾರದು. ಅವಳ ಟ್ರೇ ದಿನದಿನಕ್ಕೆ ಹಗುರಾಯಿತು. ಮನೆಯಲ್ಲಿ ದೋಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಗಂಡ ದೇವಪ್ಪ ಮಲಗಿದ್ದಾನೆ. ಅವನಿಗೆ ದುಡಿದು ಹಾಕುವುದೂ ಅನ್ನ ಕಲಸಿ ಉಣ್ಣಿಸುವುದೂ ಇದೇ ಕೈ.

"ನಾಳೆ ಫಂಕ್ಷನ್ ಒಂದು ಮುಗೀಲಿ. ಆಮೇಲೆ ನೀ ಮನೇಲೇ ಕೂತ್ಕ. ನಿನ್ನ ಕೈ ಸತ್ತೋತು" ಎಂದ ನಿತ್ಯಾನಂದ, ಎಲ್ಲರೆದುರು.

ನನಗೆ ಹೊಟ್ಟೆ ಉರಿದುಹೋಯಿತು. ಆ ಉರಿಯಲ್ಲಿ ಕಾರ್ಬನ್ ಎಷ್ಟಿತ್ತೋ, ಅಂಕಿತಾ ಮೇಡಮ್ಮನ್ನೇ ಕೇಳಬೇಕು.

ಮರುದಿನ ಅಂಗಳದಲ್ಲಿ ಶಾಮಿಯಾನ ಎದ್ದಿತು. ಹೊಗೆ ಬಿಡದ ಕಂಪನಿಯನ್ನು ನೋಡಲು ಮಾಲು ಕೊಳ್ಳುವ ವಿದೇಶದ ಸಾಹೇಬ ಬಂದಿದ್ದ. ಹಳೆಯ ಕೆಲಸದವಳಿಂದ ಹಾರ ಹಾಕಿಸಿದರೆ ಫೋಟೋದಲ್ಲಿ ಚೆನ್ನ ಎಂದು ತಿಮ್ಮಕ್ಕನನ್ನು ಐಸಿನ ಮುಂದಿನಿಂದ ಎಬ್ಬಿಸಿ ವೇದಿಕೆ ಹತ್ತಿಸಿದರು. ಹಾರ ಹಾಕಿಸಿಕೊಂಡ ಸಾಹೇಬ ಪ್ರೀತಿಯಿಂದ ಅವಳ ಕೈ ಹಿಡಿದವನು ಬೆಚ್ಚಿ ಬಿಟ್ಟುಬಿಟ್ಟ.

"ಇವರ ಕೈ ಯಾಕೆ ಇಷ್ಟು ತಣ್ಣಗಿದೆ ಅಂತ ಕೇಳ್ತಿದ್ದಾರೆ" ಎಂದರು ಮೇಡಂ.

"ಅದೇ ನಮ್ಮ ಕ್ವಾಲಿಟಿ! ಮಾಲು ಅಷ್ಟು ಫ್ರೆಶ್ ಅಂತ ಹೇಳಿ!" ಎಂದರು ಸಾವಕಾರರು.

ಚಪ್ಪಾಳೆ ಬಿತ್ತು. ಸಾಹೇಬ ಕರವಸ್ತ್ರ ತೆಗೆದು ಕೈ ಒರೆಸಿಕೊಂಡ. ತಿಮ್ಮಕ್ಕ ಆ ಕರವಸ್ತ್ರವನ್ನು ನೋಡಿದಳು, ತನ್ನ ಕೈಯನ್ನೂ ನೋಡಿಕೊಂಡಳು. ವೇದಿಕೆ ಇಳಿದು, ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಮ್ಮನ್ನು ದಾಟಿ ನೇರ ಒಳಗೆ ಬಂದು ತನ್ನ ಸಿಗಡಿಯ ಟ್ರೇ ಎತ್ತಿಕೊಂಡಳು.

"ಬನ್ರೇ" ಎಂದಳು.

ನಾವೂ ನಮ್ಮ ನಮ್ಮ ಟ್ರೇ ಎತ್ತಿಕೊಂಡು ಹಿಂದೆಯೇ ಹೊರಟೆವು. ಆಫೀಸಿನ ಮೆಟ್ಟಿಲಲ್ಲಿ ನಿತ್ಯಾನಂದ ಅಡ್ಡ ನಿಂತ.

"ಏ ರಂಡೆ, ಎಲ್ಲಿ ನುಗ್ತೀಯೇ? ಟೈಲ್ಸ್ ಮೇಲೆ ನೀರು ಸೋರ್ತದೆ!"

"ಸರಿಯೋ ಬೋಳಿಮಗನೆ. ಕೈ ಜೀವ ಮಾಡ್ಕಂತೆ."

ಅವನು ಸರಿಯಲಿಲ್ಲ. ನಾವು ಅಷ್ಟೂ ಜನ ಟ್ರೇ ಮುಂದೆ ಹಿಡಿದು ಹತ್ತಿದಾಗ ಅವನ ಬಿಳಿ ಅಂಗಿಯೇ ಅವನನ್ನು ಗೋಡೆಗೆ ಸರಿಸಿತು. ಬಚ್ಚಲ ನಳ ತಿರುಗಿಸಿದರೆ ಹಬೆಯಾಡುವ ನೀರು. ತಿಮ್ಮಕ್ಕ ಬಕೆಟ್ಟಿಗೆ ಎರಡೂ ಕೈ ಇಳಿಬಿಟ್ಟು ಕಣ್ಣು ಮುಚ್ಚಿದಳು. ಅವಳ ಕೆನ್ನೆ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಆ ಬಕೆಟ್ಟನ್ನು ತಂದು ಸಾವಕಾರರ ಮೇಜಿನೆದುರು ನಡುವೆ ಇಟ್ಟುಕೊಂಡು ಸುತ್ತ ಸುಲಿಯಲು ಕೂತೆವು. ನೆತ್ತಿಯ ಮೇಲೆ ತಣ್ಣನೆ ಗಾಳಿ ಬೀಸಿತು.

"ಹಾಳಾದ್ದು, ಇಲ್ಲೂ ಚಳಿ. ದೀಪಿಕಾ, ಅದ್ನ ಆರ್ಸೇ" ಎಂದಳು ತಿಮ್ಮಕ್ಕ.

ನಾನು ಗುಂಡಿ ಒತ್ತಿ ಎಸಿ ಆರಿಸಿದೆ. ಕಮಲಿ ಕಿಟಕಿ ತೆರೆದಳು.

"ಎಸಿ ಯಾರೇ ಆರ್ಸಿದ್ದು?" ಬಾಗಿಲಲ್ಲಿ ನಿತ್ಯಾನಂದ ಕಿರುಚಿದ. "ಸಾವ್ಕಾರ್ರು ಸಾಹೇಬ್ರನ್ನ ಕರ್ಕಂಡು ಬತ್ರು ಈಗ!"

"ಬರ್ಲಿ" ಎಂದಳು ತಿಮ್ಮಕ್ಕ, ಸಿಗಡಿಯ ತಲೆ ಕೀಳುತ್ತಾ. "ಹೆಂಗಸ್ರು ಕಾರ್ಬನ್ ಕಡ್ಮೆ ಮಾಡ್ತಾ ಕೂತವ್ರೆ ಅಂತ ಹೇಳು."

ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸಿತು. ನಾವ್ಯಾರೂ ಏಳಲಿಲ್ಲ.