ಎಡಕ್ಕೆ ಎಳೆಯುವ ಮೋಟಾರು

ಮಾವನ ಮೋಟಾರು ಮತ್ತೆ ಶೆಡ್ಡಿನ ಮುಂದೆ ಬಂದು ನಿಂತಾಗ ಮೆಕ್ಯಾನಿಕ್ ತಲೆಯೆತ್ತದೆ ಇನ್ನಷ್ಟು ಹೊತ್ತು ಕೈ ತೊಳೆಯುತ್ತಲೇ ಇದ್ದ. ಬಾಡಿಗೆಗೆ ಓಡುವ ಆ ಗಾಡಿಯ ದೂರು ಯಾವಾಗಲೂ ಒಂದೇ: ಎಡಕ್ಕೆ ಎಳೆಯುತ್ತದೆ. ಬೇರೆ ಗಿರಾಕಿಯಾಗಿದ್ದರೆ ಇನ್ನೊಬ್ಬರಿಗೆ ತೋರಿಸಿ ಎಂದು ಸಾಗಹಾಕಬಹುದಿತ್ತು. ಹೆಂಡತಿಯ ಅಪ್ಪನಿಗೆ ಹಾಗನ್ನಲಾದೀತೇ?

ಊರಿಗೆ ಮೋಟಾರು ಬಂದು ಇನ್ನೂ ಬಹಳ ಕಾಲವಾಗಿರಲಿಲ್ಲ. ಕುದುರೆಗಾಡಿ ಬಿಟ್ಟು ಸ್ಟೀರಿಂಗ್ ಹಿಡಿದ ಮೊದಲಿಗರಲ್ಲಿ ಮಾವನೂ ಒಬ್ಬ. ಅವನ ಗಾಡಿಯ ಟೈರುಗಳಿಗೆ ಸಮನಾಗಿ ಗಾಳಿ ತುಂಬಿದ್ದಾಗಿತ್ತು, ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಸರಳನ್ನು ಬಿಚ್ಚಿ ನೆಟ್ಟಗೆ ಮಾಡಿದ್ದೂ ಆಗಿತ್ತು. ಈಗ ಮೆಕ್ಯಾನಿಕ್ ಮತ್ತೆ ಜಾಕ್ ಕೊಟ್ಟು ಅಡಿಗೆ ನುಸುಳಿದ. ಚಕ್ರ ಹಿಡಿದು ಅಲುಗಿಸಿದರೆ ಲೊಡಲೊಡ ಇಲ್ಲ. ಬ್ರೇಕು ಎಲ್ಲೂ ಕಚ್ಚಿಕೊಂಡಿಲ್ಲ. ಕಚ್ಚಿಕೊಂಡದ್ದು ಅವನ ಸೊಂಟ ಮಾತ್ರ. ಎದ್ದು ತಾನೇ ಒಂದು ಸುತ್ತು ಓಡಿಸಿದ. ಗಾಡಿ ದಾರ ಹಿಡಿದಂತೆ ನೇರ ಹೋಯಿತು.

ಕುಡಿಯಲು ನೀರು ತಂದ ಹೆಂಡತಿ, ಅಪ್ಪ ಓಡಿಸಿದಾಗ ಮಾತ್ರ ಎಳೆಯುವುದಾದರೆ ಅಪ್ಪನ ಪಕ್ಕದಲ್ಲಿ ಕೂತೇ ನೋಡಬೇಕಲ್ಲವೇ ಎಂದಳು. ಇಷ್ಟು ದಿನ ಅದು ತನಗೆ ಹೊಳೆಯಲಿಲ್ಲವೆಂದು ಅವನಿಗೆ ನಾಚಿಕೆಯಾಯಿತು.

ಹೊರಡುವಾಗ ಮಾವ ಹ್ಯಾಂಡಲ್ ತಿರುವಿ ಎಂಜಿನ್ ಎಬ್ಬಿಸುವ ಕೆಲಸವನ್ನು ಅಳಿಯನಿಗೇ ಬಿಟ್ಟ. ಪೇಟೆಬೀದಿ ದಾಟುತ್ತಲೇ ಗಾಡಿ ಎಡಕ್ಕೆ ವಾಲತೊಡಗಿತು. ಮೆಕ್ಯಾನಿಕ್ ಚಕ್ರಗಳ ಸದ್ದಿಗೆ ಕಿವಿಗೊಟ್ಟಿದ್ದವನು ಸ್ಟೀರಿಂಗ್ ಕಡೆ ನೋಡಿದ. ಮಾವನ ಎಡಗೈ ಭಾರವಾಗಿ ಅದರ ಮೇಲೆ ಕೂತಿತ್ತು. ಬಲಗೈ ಸುಮ್ಮನೆ ಇಟ್ಟಂತಿತ್ತು. ಅದರ ಬೆರಳುಗಳಲ್ಲಿ ಹಿಡಿತವೇ ಇರಲಿಲ್ಲ. ಎಡಗೈಯ ಭಾರಕ್ಕೆ ಸ್ಟೀರಿಂಗ್ ತಾನಾಗಿ ಆ ಕಡೆಗೆ ಜಾರುತ್ತಿತ್ತು.

ಯಾವುದಾದರೂ ಬೋಲ್ಟು ಮುರಿದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು ಅವನಿಗೆ. ಸ್ವಲ್ಪ ದೂರ ಹೋದಮೇಲೆ ಗಾಡಿ ನಿಲ್ಲಿಸಲು ಹೇಳಿದ.

"ಗಾಡೀಲಿ ಏನೂ ಇಲ್ಲ, ಮಾವ."

ಮಾವ ಎದುರಿನ ರಸ್ತೆಯನ್ನೇ ನೋಡುತ್ತಿದ್ದ. "ಗೊತ್ತು," ಎಂದ. "ನೀವು ಏನಾದ್ರೂ ಹುಡುಕಿ ತೆಗೀತೀರೇನೋ ಅಂತ ಬರ್ತಿದ್ದೆ."

"ಯಾವಾಗಿಂದ ಹೀಗೆ?"

"ಚಳಿ ಶುರುವಾದಾಗಿಂದ. ಜುಮ್ ಅನ್ನತ್ತೆ, ಆಮೇಲೆ ಕೈ ಇದೆಯೋ ಇಲ್ಲವೋ ಗೊತ್ತಾಗಲ್ಲ." ಆಮೇಲೆ ಹಿಂಬದಿಯ ಸೀಟಿನ ಕಡೆ ಕತ್ತು ಹೊರಳಿಸಿ, "ಹಿಂದೆ ಮಕ್ಕಳು ಮರಿ ಕೂತಿರ್ತಾವಪ್ಪ. ನೀವೇ ಓಡಿಸಿ," ಎಂದು ಜಾಗ ಬಿಟ್ಟುಕೊಟ್ಟ.

ಮಾವನ ಮನೆ ತಲುಪಿದಾಗ ಮೆಕ್ಯಾನಿಕ್ ಅತ್ತೆಗೆ ಹೇಗೆ ಹೇಳುವುದೆಂದು ತಡವರಿಸುತ್ತಿದ್ದ. ಅತ್ತೆ ಗಂಡನನ್ನು ಕುರ್ಚಿಯ ಮೇಲೆ ಕೂರಿಸಿ, ಏನೂ ಕೇಳದೆ ಅವನ ಕೋಟಿನ ಗುಂಡಿ ಬಿಚ್ಚತೊಡಗಿದರು. ಹಾಕುವುದೂ ಬಿಚ್ಚುವುದೂ ತಿಂಗಳುಗಳಿಂದ ತನ್ನದೇ ಕೆಲಸ, ಯಾರಿಗೂ ಹೇಳಬೇಡ ಎಂದು ಇವರೇ ಆಣೆ ಮಾಡಿಸಿಕೊಂಡಿದ್ದರು ಎಂದರು. ಅಲ್ಲಿಗೆ, ಏನೂ ತಿಳಿಯದೆ ಗಾಡಿಯಡಿ ಬೆನ್ನು ಸವೆಸಿಕೊಂಡವನು ತಾನೊಬ್ಬನೇ ಎಂದಾಯಿತು. ಸಿಟ್ಟು ಮಾಡಿಕೊಳ್ಳಲೂ ಅವನಲ್ಲಿ ತ್ರಾಣವಿರಲಿಲ್ಲ.

ಡಾಕ್ಟರು ಕೈಯ ನರ ಸೋತಿದೆ, ಶಕ್ತಿ ಪೂರ್ತಿ ವಾಪಸ್ಸು ಬರುವ ಭರವಸೆ ಇಲ್ಲ ಎಂದರು. ಗಾಡಿಯನ್ನು ಬೇರೆ ಡ್ರೈವರನಿಗೆ ವಹಿಸಿದರು. ಮೊದಲ ದಿನ ಅವನು ಗಾಡಿ ಹೊರಗೆ ತೆಗೆಯುವಾಗ ಮಾವ ಬಾಗಿಲಲ್ಲಿ ನಿಂತು, ನಿಧಾನ, ಗೇಟಿಗೆ ತಾಗೀತು ಎಂದು ಹೇಳುತ್ತಲೇ ಇದ್ದ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಒಂದೆರಡು ಸಲ ಹೇಳಿದ. ಅತ್ತೆ ಒಳಗೆ ಕರೆದರು.